ಒಂದೇ ಧೂಳಿನ ಮೂವರು ಮಕ್ಕಳು

ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಪಡುವಣ ದಿಕ್ಕಿನಲ್ಲಿ, ಇಲ್ಲವೆ ಬೆಳಗಿನ ಜಾವ ಮೂಡಣ ದಿಕ್ಕಿನಲ್ಲಿ, ಬೇರಾವ ಚುಕ್ಕಿಗೂ ಇಲ್ಲದ ಕಾಂತಿಯಿಂದ ಹೊಳೆಯುವ ಜ್ಯೋತಿಯೊಂದನ್ನು ನೋಡದವರು ವಿರಳ. ಹಳ್ಳಿಯ ಜನ ಅದನ್ನು ಬೆಳ್ಳಿ ಎಂದು ಕರೆದರು. ಗಡಿಯಾರವಿಲ್ಲದ ಕಾಲದಲ್ಲಿ ಬೆಳ್ಳಿ ಮೂಡಿದ್ದನ್ನು ಕಂಡೇ ರೈತ ಎದ್ದು ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಪಂಚಾಂಗದವರು ಅದನ್ನು ಶುಕ್ರ ಎಂದರು. ಶುಕ್ರಾಚಾರ್ಯರು ದೈತ್ಯರ ಗುರುಗಳು. ಸತ್ತವರನ್ನು ಬದುಕಿಸುವ ಮೃತಸಂಜೀವಿನೀ ವಿದ್ಯೆ ಅವರಿಗೆ ತಿಳಿದಿತ್ತೆಂದು ಪುರಾಣ ಹೇಳುತ್ತದೆ. ಆ ವಿದ್ಯೆಯನ್ನು ಕಲಿತು ಬರಲು ದೇವತೆಗಳು ಕಚನನ್ನು ಕಳುಹಿಸಿದ ಕಥೆಯನ್ನು ಕೇಳದ ಮಕ್ಕಳುಂಟೆ?

ಸಂಜೀವಿನಿಯ ಒಡೆಯನ ಹೆಸರನ್ನು ಹೊತ್ತ ಆ ಗ್ರಹದ ನಿಜಸ್ಥಿತಿ ಏನೆಂಬುದಕ್ಕೆ ೧೯೭೦ನೆಯ ಇಸವಿ ಡಿಸೆಂಬರ್ ೧೫ರಂದು ಪ್ರತ್ಯಕ್ಷ ಸಾಕ್ಷ್ಯ ದೊರೆಯಿತು. ಅಂದು ಸೋವಿಯತ್ ದೇಶದ ವೆನೆರಾ-೭ ಎಂಬ ನೌಕೆ ಶುಕ್ರನ ದಟ್ಟ ಮೋಡಗಳನ್ನು ಭೇದಿಸಿ ಕೆಳಗಿಳಿಯಿತು. ಇಳಿಯುವಾಗ ಅದರ ಪ್ಯಾರಾಚೂಟ್ ಕೈಕೊಟ್ಟಿತು. ನೌಕೆ ನೆಲಕ್ಕೆ ಬಲವಾಗಿ ಬಡಿಯಿತು. ಸಂಕೇತ ನಿಂತೇ ಹೋಯಿತೆಂದು ಕೇಳುತ್ತಿದ್ದವರು ಭಾವಿಸಿದರು. ಆದರೆ ಧ್ವನಿಸುರುಳಿಗಳನ್ನು ಮತ್ತೊಮ್ಮೆ ಪರಿಶೀಲಿಸಿದಾಗ, ಗೊರಗೊರ ಸದ್ದಿನ ನಡುವೆ ಅತಿ ಕ್ಷೀಣವಾದ ದನಿಯೊಂದು ೨೩ ನಿಮಿಷಗಳ ಕಾಲ ಉಸಿರು ಹಿಡಿದುಕೊಂಡಿದ್ದುದು ತಿಳಿದುಬಂದಿತು. ಬೇರೊಂದು ಗ್ರಹದ ನೆಲದಿಂದ ಭೂಮಿಗೆ ಬಂದ ಮೊಟ್ಟಮೊದಲನೆಯ ವರ್ತಮಾನ ಅದು. ಅದರ ಸಾರ ಇಷ್ಟೇ: ಇಲ್ಲಿಯ ಉಷ್ಣಮಾನ ಸುಮಾರು ೪೭೫ ಡಿಗ್ರಿ ಸೆಂಟಿಗ್ರೇಡ್. ಸೀಸ ಕರಗಲು ೩೨೭ ಡಿಗ್ರಿ ಸಾಕು.

ಶುಕ್ರನೇನೂ ಭೂಮಿಗೆ ಹೊರಗಿನವನಲ್ಲ. ಭೂಮಿಯ ವ್ಯಾಸ ೧೨,೭೪೨ ಕಿಲೋಮೀಟರ್, ಶುಕ್ರನದು ೧೨,೧೦೪. ತೂಕದಲ್ಲಿ ಭೂಮಿಯ ಐದರಲ್ಲಿ ನಾಲ್ಕು ಪಾಲಿಗಿಂತ ತುಸು ಹೆಚ್ಚೇ. ಒಂದೇ ತಾಯಿಯ ಮಕ್ಕಳಲ್ಲಿಯೂ ಇಷ್ಟು ಹೋಲಿಕೆ ಅಪರೂಪ. ಆಚೆ ಬದಿಯಲ್ಲಿ ಇನ್ನೊಬ್ಬ ಸೋದರನಿದ್ದಾನೆ, ಮಂಗಳ. ಅವನಿಗೆ ಕುಜ, ಭೌಮ ಎಂಬ ಹೆಸರುಗಳುಂಟು. ಎರಡಕ್ಕೂ ಭೂಮಿಯಿಂದ ಹುಟ್ಟಿದವನೆಂದೇ ಅರ್ಥ. ಒಬ್ಬನು ಕಾದ ಬಾಣಲೆ, ಇನ್ನೊಬ್ಬನು ಹೆಪ್ಪುಗಟ್ಟಿದ ಮರಳುಗಾಡು. ನಡುವೆ ಇರುವ ಈ ಒಂದು ಮನೆಯಲ್ಲಿ ಮಾತ್ರ ಮಳೆ ಬಂದಿತು, ಹುಲ್ಲು ಚಿಗುರಿತು, ಮಕ್ಕಳು ಆಡಿದರು. ಹೀಗೇಕಾಯಿತು?

ಧೂಳಿನ ತೊಟ್ಟಿಲು

ಸೂರ್ಯನೂ ಗ್ರಹಗಳೂ ತಿರುಗುತ್ತಿದ್ದ ಒಂದೇ ಅನಿಲರಾಶಿಯಿಂದ ಹುಟ್ಟಿದವೆಂಬ ಊಹೆ ಹೊಸದಲ್ಲ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ೧೭೫೫ರಲ್ಲಿಯೂ ಫ್ರಾನ್ಸಿನ ಗಣಿತಜ್ಞ ಲಪ್ಲಾಸ್ ೧೭೯೬ರಲ್ಲಿಯೂ ಇದನ್ನು ಮುಂದಿಟ್ಟಿದ್ದರು. ಜಲಜನಕ, ಹೀಲಿಯಂ ಮತ್ತು ಅಲ್ಪಸ್ವಲ್ಪ ಧೂಳು ಸೇರಿದ ಒಂದು ಮಹಾಮೇಘ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಗಿರಿಗಿರಿ ತಿರುಗುವ ನರ್ತಕಿ ಚಾಚಿದ ಕೈಗಳನ್ನು ಎದೆಗೆ ಸೆಳೆದುಕೊಂಡರೆ ಅವಳ ವೇಗ ಹೆಚ್ಚುವುದಷ್ಟೆ. ಹಾಗೆಯೇ ಕುಗ್ಗಿದಂತೆ ಮೇಘದ ವೇಗವೂ ಹೆಚ್ಚುತ್ತದೆ. ನಡುವೆ ಸೂರ್ಯ ಮೈತಳೆಯುತ್ತಾನೆ. ಉಳಿದದ್ದು ಅವನ ಸುತ್ತ ಚಪ್ಪಟೆಯಾದ ಬಿಲ್ಲೆಯಂತೆ ಹರಡಿಕೊಳ್ಳುತ್ತದೆ.

ಎರಡು ಶತಮಾನಗಳಿಗೂ ಮಿಕ್ಕು ಇದು ಕೇವಲ ಬುದ್ಧಿಯ ಕಣ್ಣಿಗೆ ಕಂಡ ಚಿತ್ರವಾಗಿತ್ತು. ೨೦೧೪ರಲ್ಲಿ ಅದು ನಿಜವಾದ ಕಣ್ಣಿಗೂ ಬಹು ಸ್ಪಷ್ಟವಾಗಿ ಕಂಡಿತು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ, ಸಮುದ್ರಮಟ್ಟದಿಂದ ೫,೦೦೦ ಮೀಟರ್ ಎತ್ತರದ ಅಟಕಾಮ ಮರುಭೂಮಿಯಲ್ಲಿ, ಆಲ್ಮ ಎಂಬ ರೇಡಿಯೋ ದೂರದರ್ಶಕವಿದೆ. ಒಂದಲ್ಲ, ೬೬ ದೊಡ್ಡ ಬೋಗುಣಿಗಳು ಒಟ್ಟಾಗಿ ಆಕಾಶವನ್ನು ದಿಟ್ಟಿಸುವ ಏರ್ಪಾಡು. ವೃಷಭರಾಶಿಯಲ್ಲಿ ಸುಮಾರು ೪೫೦ ಜ್ಯೋತಿರ್ವರ್ಷಗಳ ದೂರದಲ್ಲಿರುವ ಎಚ್.ಎಲ್. ಟಾರಿ ಎಂಬ ಎಳೆಯ ನಕ್ಷತ್ರದ ಕಡೆ ಅದನ್ನು ತಿರುಗಿಸಿದಾಗ, ನಕ್ಷತ್ರದ ಸುತ್ತ ಕೆಂಡದ ಬಣ್ಣದ ಬಿಲ್ಲೆಯೂ ಅದರಲ್ಲಿ ಕಪ್ಪು ಗೆರೆಗಳಂತೆ ಬರಿದಾದ ಪಟ್ಟಿಗಳೂ ಕಂಡುವು. ಹುಟ್ಟುತ್ತಿರುವ ಗ್ರಹಗಳೇ ತಮ್ಮ ದಾರಿಯ ಧೂಳನ್ನು ಗುಡಿಸಿ ಆ ಪಟ್ಟಿಗಳನ್ನು ಮಾಡಿವೆಯೆಂದು ಬಹುಮಂದಿ ವಿಜ್ಞಾನಿಗಳ ಅಭಿಪ್ರಾಯ. ನಕ್ಷತ್ರದ ವಯಸ್ಸು ಹತ್ತು ಲಕ್ಷ ವರ್ಷಕ್ಕೂ ಕಡಮೆ. ಅಂದರೆ ಗ್ರಹಗಳು ತೀರ ಎಳೆತನದಲ್ಲಿಯೇ ರೂಪುಗೊಳ್ಳಲು ತೊಡಗುತ್ತವೆ.

ನಮ್ಮ ಸೂರ್ಯಮಂಡಲದ ಜಾತಕ ಬರೆದಿರುವುದು ಕಲ್ಲಿನ ಮೇಲೆ. ೧೯೫೬ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಕ್ಲೇರ್ ಪ್ಯಾಟರ್ಸನ್, ಅರಿಜೋನಾದಲ್ಲಿ ಬಿದ್ದಿದ್ದ ಉಲ್ಕಾಶಿಲೆಯೂ ಸೇರಿದಂತೆ ಕೆಲವು ಉಲ್ಕೆಗಳಲ್ಲಿ ಅಡಗಿದ್ದ ಸೀಸವನ್ನು ಅಳೆದು, ಭೂಮಿಯ ವಯಸ್ಸು ೪೫೫ ಕೋಟಿ ವರ್ಷವೆಂದು ಲೆಕ್ಕ ಹಾಕಿದನು. (ಆ ಸೂಕ್ಷ್ಮ ಕೆಲಸಕ್ಕೆ ಅಡ್ಡಿಯಾದದ್ದು ಪ್ರಯೋಗಶಾಲೆಯ ಗಾಳಿ ಧೂಳುಗಳಲ್ಲೆಲ್ಲ ಬೆರೆತಿದ್ದ ಹೊರಗಿನ ಸೀಸ. ಮುಂದೆ ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ಅವನು ವರ್ಷಗಟ್ಟಲೆ ಹೋರಾಡಿದ್ದಕ್ಕೆ ಈ ಅನುಭವವೇ ಮೂಲ. ಭೂಮಿಯ ವಯಸ್ಸನ್ನು ಕಂಡುಹಿಡಿದುದಕ್ಕಿಂತ ಇದೇ ದೊಡ್ಡ ಉಪಕಾರವೆಂದರೆ ತಪ್ಪಾಗಲಾರದು.) ೧೯೬೯ರ ಫೆಬ್ರವರಿ ೮ರಂದು ಮೆಕ್ಸಿಕೋ ದೇಶದ ಅಯೆಂಡೆ ಎಂಬ ಹಳ್ಳಿಯ ಸುತ್ತ ಕಲ್ಲಿನ ಮಳೆಯೇ ಸುರಿಯಿತು, ಆಯ್ದ ತುಣುಕುಗಳು ಎರಡು ಟನ್ನನ್ನೂ ಮೀರಿದವು. ಕಪ್ಪು ಕಲ್ಲಿನ ಒಡಲಲ್ಲಿ ಬಿಳಿಯ ಚುಕ್ಕೆಗಳಿದ್ದವು. ಬಿಸಿ ಅನಿಲ ಆರಿದಾಗ ಮೊಟ್ಟಮೊದಲು ಗಟ್ಟಿಯಾದ ಕಣಗಳು ಅವು. ಅವುಗಳ ವಯಸ್ಸು ೪೫೬ ಕೋಟಿ ೭೦ ಲಕ್ಷ ವರ್ಷಗಳೆಂದು ತಿಳಿದುಬಂದಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಕುಳಿತು ಕಡಲೆಕಾಯಿ ತಿನ್ನುವವರು ಸುಮಾರು ೩೦೦ ಕೋಟಿ ವರ್ಷದ ಕಲ್ಲಿನ ಮೇಲೆ ಕುಳಿತಿರುತ್ತಾರೆ. ಆ ಬಂಡೆ ಹುಟ್ಟುವ ವೇಳೆಗೆ ಈ ಬಿಳಿಯ ಚುಕ್ಕೆಗಳಿಗೆ ನೂರೈವತ್ತು ಕೋಟಿ ವರ್ಷ ತುಂಬಿತ್ತು.

ಧೂಳು ಗ್ರಹವಾಗುವುದು ಹೇಗೆ? ಮೊದಲನೆಯ ಹೆಜ್ಜೆ ಸುಲಭ. ಮಂಚದ ಕೆಳಗೆ ಗುಡಿಸದೆ ಬಿಟ್ಟ ಧೂಳು ನಾಲ್ಕಾರು ದಿನಗಳಲ್ಲಿ ಉಂಡೆಗಟ್ಟುವುದನ್ನು ಗೃಹಿಣಿಯರು ಬಲ್ಲರು. ಕಣಕ್ಕೆ ಕಣ ಅಂಟಿ ಹರಳಾಗುತ್ತದೆ. ತೊಡಕು ಬರುವುದು ಹರಳು ಬೆಳೆದು ಒಂದು ಮೀಟರ್ ಗಾತ್ರದ ಗುಂಡಾಗುವ ಹೊತ್ತಿಗೆ. ಅಷ್ಟು ದೊಡ್ಡ ಗುಂಡುಗಳು ಒಂದಕ್ಕೊಂದು ತಾಗಿದರೆ ಅಂಟುವುದಿಲ್ಲ, ಒಡೆಯುತ್ತವೆ. ಜೊತೆಗೆ ಸುತ್ತಲಿನ ಅನಿಲ ಎದುರುಗಾಳಿಯಂತೆ ಬೀಸಿ ಅವುಗಳ ವೇಗವನ್ನು ತಗ್ಗಿಸುವುದರಿಂದ, ಅವು ಸುತ್ತುತ್ತ ಸುತ್ತುತ್ತ ಸೂರ್ಯನ ಬಾಯಿಗೆ ಬೀಳಬೇಕು. ಗ್ರಹಗಳು ಹುಟ್ಟಲೇಬಾರದೆಂದು ಲೆಕ್ಕ ಹೇಳುತ್ತಿತ್ತು! ಈ ಶತಮಾನದ ಮೊದಲ ದಶಕದಲ್ಲಿ ಇದಕ್ಕೆ ಒಂದು ಪರಿಹಾರ ಹೊಳೆಯಿತು. ಹರಳುಗಳು ಎದುರುಗಾಳಿಯಲ್ಲಿ ಒಂದರ ಮರೆಯಲ್ಲಿ ಒಂದು ಗುಂಪುಗೂಡಿ, ಗುಂಪು ದಟ್ಟವಾದಾಗ ಪರಸ್ಪರ ಆಕರ್ಷಣದಿಂದ ಮೆಲ್ಲನೆ ಕುಸಿದು, ಒಮ್ಮೆಗೇ ಹತ್ತಾರು ಕಿಲೋಮೀಟರ್ ಗಾತ್ರದ ಪಿಂಡಗಳಾಗುತ್ತವೆ. ಮೀಟರ್ ಗಾತ್ರದ ಮೆಟ್ಟಿಲನ್ನು ಅವು ಹತ್ತುವುದೇ ಇಲ್ಲ. ೨೦೧೯ರ ಜನವರಿ ೧ರಂದು ನ್ಯೂ ಹೊರೈಜನ್ಸ್ ನೌಕೆ ಪ್ಲೂಟೋವಿಗೂ ಆಚೆ ಅರೊಕಾತ್ ಎಂಬ ಪಿಂಡದ ಬಳಿ ಹಾದುಹೋಯಿತು. ಎರಡು ಉಂಡೆಗಳು ಒಂದನ್ನೊಂದು ಜಜ್ಜದೆ, ಹಿಟ್ಟಿನ ಮುದ್ದೆಗಳನ್ನು ಮೆಲ್ಲನೆ ತಾಗಿಸಿ ಇಟ್ಟಂತೆ ಕೂಡಿಕೊಂಡಿದ್ದುವು. ಪರಿಹಾರ ಸರಿಯೆನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಪಿಂಡಗಳಾದ ಮೇಲೆ ಕೆಲಸವನ್ನು ಗುರುತ್ವಾಕರ್ಷಣವೇ ವಹಿಸಿಕೊಳ್ಳುತ್ತದೆ. ಇದರ ಗಣಿತವನ್ನು ಮೊದಲು ಕ್ರಮವಾಗಿ ಕಟ್ಟಿದವನು ಸೋವಿಯತ್ ವಿಜ್ಞಾನಿ ವಿಕ್ತರ್ ಸಫ್ರೊನೊವ್. ೧೯೬೯ರಲ್ಲಿ ಪ್ರಕಟವಾದ ಅವನ ಪುಸ್ತಕ ಸಣ್ಣದಾದರೂ ಈ ಶಾಸ್ತ್ರಕ್ಕೆ ಅದೇ ತಳಹದಿ. ದೊಡ್ಡದು ಸಣ್ಣದನ್ನು ನುಂಗುತ್ತದೆ. ನುಂಗಿದಷ್ಟೂ ಅದರ ಹಸಿವು ಹೆಚ್ಚುತ್ತದೆ.

ಸೂರ್ಯನಿಂದ ಇರುವ ದೂರ ಇಲ್ಲಿ ಬಹಳ ಮುಖ್ಯ. ಸಮೀಪದಲ್ಲಿ ಸೆಕೆ ಹೆಚ್ಚು. ಅಲ್ಲಿ ಕಲ್ಲು ಮತ್ತು ಕಬ್ಬಿಣ ಮಾತ್ರ ಗಟ್ಟಿಯಾಗಿ ನಿಲ್ಲಬಲ್ಲವು. ಮಂಗಳ ಮತ್ತು ಗುರು ಗ್ರಹಗಳ ನಡುವೆ ಒಂದು ಕಾಣದ ಗಡಿಯಿತ್ತು. ಅದರಾಚೆ ನೀರು ಹಿಮವಾಗಿ ಉಳಿಯುತ್ತಿತ್ತು. ಕಟ್ಟಡಕ್ಕೆ ಸಾಮಗ್ರಿ ಹೇರಳವಾಗಿದ್ದ ಆ ಕಡೆ ಗುರುಗ್ರಹದ ತಿರುಳು ಬೇಗ ಬೆಳೆದು, ಬಿಲ್ಲೆಯ ಅನಿಲ ಚದರಿಹೋಗುವ ಮೊದಲೇ ಅದನ್ನು ಹೀರಿ, ಭೂಮಿಯ ೩೧೮ರಷ್ಟು ತೂಗುವ ದೈತ್ಯನಾಯಿತು. ಅನಿಲ ಉಳಿದದ್ದು ಕೆಲವೇ ಹತ್ತು ಲಕ್ಷ ವರ್ಷ. ಒಳಗಿನ ಕಲ್ಲಿನ ಮಕ್ಕಳಿಗೆ ಅದರಲ್ಲಿ ಪಾಲು ದೊರೆಯಲಿಲ್ಲ. ಅವು ಕೋಟ್ಯಂತರ ವರ್ಷ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ನಿಧಾನವಾಗಿ ಬೆಳೆದುವು. ಅಂಥ ಡಿಕ್ಕಿಗಳಲ್ಲಿ ಕೊನೆಯ ದೊಡ್ಡದು ಭೂಮಿಗೂ ಹೆಚ್ಚುಕಡಮೆ ಮಂಗಳನಷ್ಟು ಗಾತ್ರದ ಇನ್ನೊಂದು ಗ್ರಹಕ್ಕೂ ನಡೆಯಿತು. ಸಿಡಿದು ಹಾರಿದ ಚೂರುಗಳು ಕೂಡಿ ಚಂದ್ರನಾದುವು. ಅಪೋಲೋ ಯಾತ್ರಿಕರು ತಂದ ೩೮೨ ಕಿಲೋಗ್ರಾಂ ಕಲ್ಲುಮಣ್ಣು ಈ ಕಥೆಗೆ ಒತ್ತಾಸೆಯಾಗಿದೆ.

ಶುಕ್ರನ ನೀರು ಎಲ್ಲಿ ಹೋಯಿತು?

ಬಾಲ್ಯ ಒಂದೇ, ಮುಂದಿನ ಬಾಳು ಬೇರೆ. ಸೂರ್ಯನಿಂದ ಶುಕ್ರನ ದೂರ ೧೦.೮ ಕೋಟಿ ಕಿಲೋಮೀಟರ್, ಭೂಮಿಯ ದೂರ ೧೫ ಕೋಟಿ. ಅವನಿಗೆ ಬೀಳುವ ಬಿಸಿಲು ನಮ್ಮದರ ಎರಡರಷ್ಟಕ್ಕೆ ತುಸು ಕಡಮೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅನೇಕರು ಇದನ್ನು ಅಪಾಯವೆಂದೇ ಭಾವಿಸಿರಲಿಲ್ಲ. ಮೋಡಗಳ ಕೆಳಗೆ ಮಲೆನಾಡಿನಂಥ ಜವುಗು ಕಾಡುಗಳಿರಬಹುದೆಂದು ಸ್ವೀಡನ್ನಿನ ಅರ್‍ಹೇನಿಯಸ್‌ನಂಥ ನೊಬೆಲ್ ಪಾರಿತೋಷಕದ ವಿಜ್ಞಾನಿಯೇ ಬರೆದಿದ್ದನು. ಸುಂದರ ಕಲ್ಪನೆ, ಆದರೆ ಮೋಡವೆಂದ ಮಾತ್ರಕ್ಕೆ ಅದು ನೀರಿನದೇ ಆಗಬೇಕಾಗಿಲ್ಲ. ಶುಕ್ರನ ಮೋಡಗಳು ಗಂಧಕಾಮ್ಲದವು. ಅವುಗಳ ಕೆಳಗಿನ ಗಾಳಿಯಲ್ಲಿ ನೂರಕ್ಕೆ ತೊಂಬತ್ತಾರು ಪಾಲು ಇಂಗಾಲಾಮ್ಲ ವಾಯು, ಎಂದರೆ ಕಾರ್ಬನ್ ಡೈಆಕ್ಸೈಡ್. ನೆಲದ ಮೇಲೆ ಅದರ ಒತ್ತಡ ಭೂಮಿಯ ಗಾಳಿಯ ೯೨ರಷ್ಟು.

ಅವನಲ್ಲಿ ಒಂದು ಕಾಲಕ್ಕೆ ನೀರಿತ್ತೆಂಬುದಕ್ಕೆ ಗುರುತು ಉಳಿದಿದೆ. ಜಲಜನಕದಲ್ಲಿ ಎರಡು ಬಗೆ, ಹಗುರವಾದದ್ದು ಮತ್ತು ಅದರ ಎರಡರಷ್ಟು ತೂಗುವ ಭಾರಜಲಜನಕ. ೧೯೭೮ರಲ್ಲಿ ಶುಕ್ರನ ವಾಯುಮಂಡಲವನ್ನು ಹೊಕ್ಕ ಅಮೆರಿಕದ ಪಯೊನಿಯರ್ ನೌಕೆ ಅಳೆದಾಗ, ಅಲ್ಲಿ ಭಾರಜಲಜನಕದ ಪ್ರಮಾಣ ಭೂಮಿಯಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚೆಂದು ಕಂಡುಬಂದಿತು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಕುದಿದು ನೀರೆಲ್ಲ ಹಾರಿಹೋದ ಮೇಲೆ ಪಾಕ ಗಟ್ಟಿಯಾಗಿ ತಳದಲ್ಲಿ ಉಳಿಯುವುದಿಲ್ಲವೆ? ಇದೂ ಹಾಗೆಯೇ. ಬಿಸಿಲಿಗೆ ನೀರು ಆವಿಯಾಯಿತು. ನೀರಾವಿ ಕಂಬಳಿಯಂತೆ ಶಾಖವನ್ನು ಹಿಡಿದಿಟ್ಟಿತು. ಶಾಖ ಹೆಚ್ಚಿದಂತೆ ಇನ್ನಷ್ಟು ಆವಿ. ಮೇಲಕ್ಕೇರಿದ ಆವಿಯನ್ನು ಸೂರ್ಯನ ನೇರಿಳಾತೀತ ಕಿರಣಗಳು ಒಡೆದುವು. ಹಗುರ ಜಲಜನಕ ಆಕಾಶಕ್ಕೆ ಹಾರಿಹೋಯಿತು, ಭಾರದ್ದು ಹಿಂದುಳಿಯಿತು. ಶುಕ್ರನಲ್ಲಿ ಹಿಂದೆ ನಿಜವಾದ ಸಮುದ್ರಗಳೇ ಇದ್ದುವೋ, ಅಥವಾ ಆವಿ ಎಂದೂ ಮಳೆಯಾಗಿ ಇಳಿಯಲೇ ಇಲ್ಲವೋ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಮತವಿದೆ. ಕೊನೆಯ ಫಲದಲ್ಲಿ ಭಿನ್ನಮತವಿಲ್ಲ.

ವೀಳ್ಯದ ಸುಣ್ಣದಲ್ಲಿರುವ ರಹಸ್ಯ

ಹಾಗಾದರೆ ಭೂಮಿಯ ಪಾಲಿಗೆ ಬಂದ ಇಂಗಾಲಾಮ್ಲ ವಾಯು ಎಲ್ಲಿದೆ? ಈ ಪ್ರಶ್ನೆಗೆ ಉತ್ತರ ವೀಳ್ಯದ ತಟ್ಟೆಯಲ್ಲಿದೆ. ಎಲೆಗೆ ಹಚ್ಚುವ ಸುಣ್ಣ ಬಂದುದು ಸುಣ್ಣದ ಕಲ್ಲಿನಿಂದ, ಕರಾವಳಿಯ ಕಡೆಯಲ್ಲಾದರೆ ಚಿಪ್ಪಿನಿಂದ. ಅದನ್ನು ಗೂಡಿನಲ್ಲಿಟ್ಟು ಸುಟ್ಟಾಗ ಕಲ್ಲಿನೊಳಗೆ ಸೆರೆಯಾಗಿದ್ದ ಇಂಗಾಲಾಮ್ಲ ವಾಯು ಬಿಡುಗಡೆಯಾಗುತ್ತದೆ. ಆ ಸುಣ್ಣವನ್ನು ಅರಳಿಸಿ ಗೋಡೆಗೆ ಬಳಿದರೆ ಅದು ಗಾಳಿಯಿಂದ ಮತ್ತೆ ಅದೇ ವಾಯುವನ್ನು ಎಳೆದುಕೊಂಡು ಮರಳಿ ಕಲ್ಲಾಗುತ್ತದೆ. ಹಬ್ಬಕ್ಕೆ ಮೊದಲು ಸುಣ್ಣ ಬಳಿಸುವ ಮನೆಯಜಮಾನ ತಾನು ಗ್ರಹದ ಚರಿತ್ರೆಯನ್ನು ಗೋಡೆಯ ಮೇಲೆ ಮತ್ತೆ ಬರೆಯುತ್ತಿದ್ದೇನೆಂದು ಎಣಿಸಿರಲಾರ.

ಪ್ರಕೃತಿ ಇದೇ ಕೆಲಸವನ್ನು ಮಳೆಯ ಮೂಲಕ ಮಾಡುತ್ತದೆ. ಮಳೆಹನಿ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಕರಗಿಸಿಕೊಂಡು ಬೆಟ್ಟದ ಕಲ್ಲನ್ನು ತುಸುತುಸುವೇ ಸವೆಸುತ್ತದೆ. ಸವೆದದ್ದನ್ನು ಹೊಳೆ ಕಡಲಿಗೆ ಒಯ್ಯುತ್ತದೆ. ಕಡಲಿನಲ್ಲಿ ಅದು ಚಿಪ್ಪಾಗಿ, ಹವಳವಾಗಿ, ಕೊನೆಗೆ ಸುಣ್ಣದ ಕಲ್ಲಾಗಿ ತಳ ಸೇರುತ್ತದೆ. ಭೂಮಿಯ ಸುಣ್ಣದ ಕಲ್ಲುಗಳಲ್ಲಿ ಹೂತಿರುವ ಇಂಗಾಲವನ್ನೆಲ್ಲ ಹೊರಗೆ ಬಿಟ್ಟರೆ ಅದು ಶುಕ್ರನ ವಾಯುಮಂಡಲದಲ್ಲಿರುವುದಕ್ಕೆ ಹೆಚ್ಚುಕಡಮೆ ಸಮನಾಗುತ್ತದೆ. ಸೋದರರಿಗೆ ಸಿಕ್ಕ ಆಸ್ತಿ ಒಂದೇ. ಒಬ್ಬಳು ಅದನ್ನು ನೆಲದಲ್ಲಿ ಹೂತಿಟ್ಟಳು. ನೀರು ಕಳೆದುಕೊಂಡ ಇನ್ನೊಬ್ಬನಿಗೆ ಹೂಳುವ ದಾರಿಯೇ ಇರಲಿಲ್ಲ.

ಹೂತದ್ದೆಲ್ಲ ಹೂತೇ ಇರುವುದೂ ಇಲ್ಲ. ಭೂಮಿಯ ಚಿಪ್ಪು ಹಲವು ಫಲಕಗಳಾಗಿ ಒಡೆದಿದ್ದು, ಅವು ಚಲಿಸುತ್ತ ಒಂದರ ಕೆಳಗೊಂದು ನುಗ್ಗುತ್ತವೆ. ಕಡಲತಳದ ಸುಣ್ಣದ ಕಲ್ಲು ಆಳಕ್ಕಿಳಿದು ಬೆಂದು, ಅದರ ಇಂಗಾಲಾಮ್ಲ ಜ್ವಾಲಾಮುಖಿಗಳ ಬಾಯಿಂದ ಮತ್ತೆ ಹೊರಬೀಳುತ್ತದೆ. ಇದರಲ್ಲೊಂದು ಸೊಗಸಾದ ಹದವಿದೆ. ಸೆಕೆ ಹೆಚ್ಚಿದರೆ ಮಳೆ ಹೆಚ್ಚಿ, ಕಲ್ಲು ಹೆಚ್ಚಾಗಿ ಸವೆದು, ಗಾಳಿಯ ಇಂಗಾಲಾಮ್ಲ ತಗ್ಗಿ ಭೂಮಿ ತಂಪಾಗುತ್ತದೆ. ಚಳಿ ಹೆಚ್ಚಿದರೆ ಸವೆತ ನಿಂತು, ಜ್ವಾಲಾಮುಖಿಯ ವಾಯು ಶೇಖರವಾಗಿ ಮತ್ತೆ ಬಿಸಿಯೇರುತ್ತದೆ. ೧೯೮೧ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು ಇದನ್ನು ವಿವರಿಸಿದರು. ಸೂರ್ಯನು ಹುಟ್ಟಿದಾಗ ಈಗಿನದಕ್ಕಿಂತ ನೂರಕ್ಕೆ ಮೂವತ್ತರಷ್ಟು ಮಂಕಾಗಿದ್ದರೂ ಭೂಮಿಯ ಮೇಲೆ ಆಗಲೇ ನೀರು ಹರಿಯುತ್ತಿತ್ತೆಂಬ ಒಗಟಿಗೆ ಈ ಹದವೇ ದೊಡ್ಡ ಉತ್ತರ. ಸುಮಾರು ೭೦ ಕೋಟಿ ವರ್ಷಗಳ ಹಿಂದೆ ಭೂಮಿ ಧ್ರುವದಿಂದ ಸಮಭಾಜಕ ವೃತ್ತದವರೆಗೆ ಹಿಮ ಹೊದ್ದಾಗಲೂ ಅದನ್ನು ಆ ಸೆರೆಯಿಂದ ಬಿಡಿಸಿದ್ದು ಜ್ವಾಲಾಮುಖಿಗಳ ಉಸಿರೇ. ಈ ವಾಯುಗಳ ಕಂಬಳಿ ಇಲ್ಲವೇ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಮಾನ ಸೊನ್ನೆಗಿಂತ ೧೮ ಡಿಗ್ರಿ ಕೆಳಗಿರುತ್ತಿತ್ತು.

ಈ ಯಂತ್ರಕ್ಕೆ ಒಂದು ಕೊರತೆಯುಂಟು: ಅದು ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ನಡೆಯುತ್ತದೆ. ಮನುಷ್ಯ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಡುವುದು ದಶಕಗಳ ಲೆಕ್ಕದಲ್ಲಿ. ಕೈಗಾರಿಕೆಗಳು ಏಳುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ ೨೮೦ ಪಾಲಿತ್ತು. ೧೯೫೮ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಕೀಲಿಂಗ್ ಎಂಬಾತನು ಅಳತೆ ಆರಂಭಿಸಿದಾಗ ೩೧೫. ೨೦೨೩ರಲ್ಲಿ ೪೨೦ನ್ನು ಮೀರಿತ್ತು. ಇಷ್ಟಕ್ಕೇ ಭೂಮಿ ಶುಕ್ರನಾಗಿಬಿಡುವುದಿಲ್ಲ. ಹಾಗೆ ಹೆದರಿಸುವವರ ಮಾತು ಅತಿಶಯೋಕ್ತಿ. ಆದರೆ ಶುಕ್ರನಾಗದೆಯೂ ಬೆಳೆ ಕೆಡಬಹುದು, ಕಡಲು ಊರೊಳಗೆ ಬರಬಹುದು. ಮಳೆ ಬಂದು ಕಲ್ಲನ್ನು ಸವೆಸಿ ಎಲ್ಲವನ್ನೂ ಸರಿಪಡಿಸುವವರೆಗೆ ಕಾಯಲು ಮನುಷ್ಯಕುಲಕ್ಕೆ ಪುರುಸೊತ್ತಿಲ್ಲ.

ಬೆಳೆಯದೆ ಉಳಿದ ಭೂಮಿಪುತ್ರ

ಮಂಗಳನ ಕಷ್ಟ ಬೇರೆ. ದೂರವಿದ್ದುದಕ್ಕಿಂತ ಗಿಡ್ಡನಾದುದೇ ಅವನ ದುರದೃಷ್ಟ. ತೂಕದಲ್ಲಿ ಭೂಮಿಯ ಹತ್ತರಲ್ಲೊಂದು ಪಾಲು. ನೆರೆಮನೆಯ ದೈತ್ಯ ಗುರುವೇ ಅವನ ಪಾಲಿನ ಅನ್ನವನ್ನು ಚದರಿಸಿದನೆಂದು ಕೆಲವರ ಮತ. ಸಣ್ಣ ಪಾತ್ರೆಯ ಸಾರು ಬೇಗ ಆರುವಂತೆ ಅವನ ಒಡಲು ಬೇಗ ತಣ್ಣಗಾಯಿತು. ಒಳಗಿನ ಕರಗಿದ ಕಬ್ಬಿಣದ ಚಲನೆಯಿಂದ ಹುಟ್ಟುತ್ತಿದ್ದ ಕಾಂತಕ್ಷೇತ್ರ ಸುಮಾರು ೪೦೦ ಕೋಟಿ ವರ್ಷಗಳ ಹಿಂದೆಯೇ ನಂದಿತು. ಸೂರ್ಯನಿಂದ ಬೀಸುವ ವಿದ್ಯುತ್ಕಣಗಳ ಗಾಳಿಗೆ ತಡೆಯಿಲ್ಲವಾಯಿತು. ೨೦೧೪ರಿಂದ ಮಂಗಳನನ್ನು ಸುತ್ತಿದ ಮೇವನ್ ನೌಕೆ, ಅವನ ಗಾಳಿಯ ಬಹುಭಾಗ ಹೀಗೆ ಆಕಾಶದ ಪಾಲಾಯಿತೆಂದು ತೋರಿಸಿತು. ಕಾಂತಕ್ಷೇತ್ರವೇ ಸರ್ವಸ್ವವೆಂದು ಹೇಳುವುದೂ ಸರಿಯಲ್ಲ. ಶುಕ್ರನಿಗೂ ಅದಿಲ್ಲ, ಆದರೂ ಅವನ ಗಾಳಿ ದಟ್ಟವಾಗಿಯೇ ಇದೆ. ಹಿಡಿದಿಡುವ ಆಕರ್ಷಣ ದುರ್ಬಲ, ಜ್ವಾಲಾಮುಖಿಗಳಿಂದ ಮರುಪೂರಣವೂ ಸಾಲದು. ಮೂರು ಕೊರತೆಗಳೂ ಒಟ್ಟಿಗೆ ಬಂದುದರಿಂದ ಮಂಗಳ ಸೋತ.

ಅಲ್ಲಿ ಹಿಂದೆ ನೀರಿದ್ದುದು ನಿಸ್ಸಂದೇಹ. ೨೦೧೨ರಲ್ಲಿ ಗೇಲ್ ಕುಳಿಯಲ್ಲಿ ಇಳಿದ ಕ್ಯೂರಿಯಾಸಿಟಿ ಬಂಡಿ ಪುರಾತನ ಕೆರೆಯೊಂದರ ತಳದ ಕೆಸರುಕಲ್ಲನ್ನು ಕೊರೆದು ನೋಡಿತು. ಆ ನೀರು ಕುಡಿಯಲು ಯೋಗ್ಯವಾಗಿತ್ತೆಂದು ಅದನ್ನು ಪರೀಕ್ಷಿಸಿದವರು ಹೇಳಿದರು. ೨೦೧೩ರ ನವೆಂಬರ್ ೫ರಂದು ಶ್ರೀಹರಿಕೋಟೆಯಿಂದ ಹೊರಟು ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳನ ಕಕ್ಷೆ ಸೇರಿದ ಭಾರತದ ಮಂಗಳಯಾನಕ್ಕೆ ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದಲೇ ಅಪ್ಪಣೆಗಳು ಹೋಗುತ್ತಿದ್ದುವು. ಅದರ ಐದು ಉಪಕರಣಗಳಲ್ಲಿ ಒಂದನ್ನು ಮಾಡಿದ್ದು ಹಗುರ ಮತ್ತು ಭಾರಜಲಜನಕಗಳ ಪ್ರಮಾಣವನ್ನು ಅಳೆಯಲೆಂದೇ. ಶುಕ್ರನಲ್ಲಿ ಕೇಳಿದ ಪ್ರಶ್ನೆಯನ್ನೇ ಮಂಗಳನಲ್ಲಿಯೂ ಕೇಳುವುದಕ್ಕೆ. ಆರು ತಿಂಗಳು ಬಾಳಲೆಂದು ಕಳುಹಿಸಿದ ಆ ನೌಕೆ ೨೦೨೨ರವರೆಗೂ ಸಂಪರ್ಕದಲ್ಲಿತ್ತು.

ಬೇರೆ ಸೂರ್ಯರ ಮನೆಗಳು

ಮೂರೇ ಮಕ್ಕಳನ್ನು ನೋಡಿ ವಂಶದ ಗುಣ ಹೇಳಲಾಗದು. ೧೯೯೫ರಲ್ಲಿ ಸ್ವಿಟ್ಜರ್ಲೆಂಡಿನ ಮೇಯರ್ ಮತ್ತು ಕೆಲೋಜ್ ಸೂರ್ಯನಂಥ ಇನ್ನೊಂದು ನಕ್ಷತ್ರದ ಸುತ್ತ ಗ್ರಹವೊಂದನ್ನು ಕಂಡುಹಿಡಿದರು. ಗುರುವಿನಂಥ ಭಾರಿ ಗ್ರಹ ನಾಲ್ಕೇ ದಿನಗಳಲ್ಲಿ ತನ್ನ ನಕ್ಷತ್ರವನ್ನು ಸುತ್ತುತ್ತಿತ್ತು! ಹುಟ್ಟಿದ ಜಾಗದಲ್ಲಿಯೇ ಗ್ರಹಗಳು ಉಳಿಯುವುದಿಲ್ಲ, ವಲಸೆ ಹೋಗುತ್ತವೆ ಎಂಬುದನ್ನು ಒಪ್ಪಬೇಕಾಯಿತು. ಅವರಿಬ್ಬರಿಗೂ ೨೦೧೯ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ೨೦೨೨ರ ಮಾರ್ಚಿಯ ವೇಳೆಗೆ ಇಂಥ ಗ್ರಹಗಳ ಪಟ್ಟಿ ೫,೦೦೦ವನ್ನು ದಾಟಿತು.

ಇವುಗಳಲ್ಲಿ ಹೆಚ್ಚು ಆಸೆ ಹುಟ್ಟಿಸಿದ್ದು ಸುಮಾರು ೪೦ ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-೧ ಎಂಬ ಪುಟ್ಟ ಕೆಂಪು ನಕ್ಷತ್ರದ ಕುಟುಂಬ. ಭೂಮಿಯಷ್ಟು ಗಾತ್ರದ ಏಳು ಗ್ರಹಗಳು ಅದರ ಸುತ್ತ ಇರುವುದನ್ನು ೨೦೧೭ರಲ್ಲಿ ಪ್ರಕಟಿಸಿದಾಗ ಪತ್ರಿಕೆಗಳೆಲ್ಲ ಹೊಸ ಭೂಮಿಯ ಚಿತ್ರ ಬರೆಸಿದುವು. ನೀರು ದ್ರವವಾಗಿರಬಲ್ಲ ದೂರದಲ್ಲಿದ್ದರೆ ಸಾಲದೆಂಬುದನ್ನು ಶುಕ್ರ ಮಂಗಳರ ಕಥೆ ತಿಳಿದವರು ಬಲ್ಲರು. ಗಾಳಿ ಬೇಕು, ಮತ್ತು ಅದು ಹದವಾಗಿರಬೇಕು. ಕೆಂಪು ನಕ್ಷತ್ರಗಳು ಎಳೆತನದಲ್ಲಿ ಬಲು ಮುಂಗೋಪಿಗಳು. ಮೇಲಿಂದ ಮೇಲೆ ಉರಿ ಉಗುಳಿ ಹತ್ತಿರದ ಗ್ರಹಗಳ ಗಾಳಿಯನ್ನು ಕಿತ್ತೊಗೆಯುತ್ತವೆ. ೨೦೨೧ರ ಡಿಸೆಂಬರ್ ೨೫ರಂದು ಹಾರಿದ ವೆಬ್ ದೂರದರ್ಶಕ ೨೦೨೩ರಲ್ಲಿ ಕೊಟ್ಟ ಮೊದಲ ವರದಿಗಳು ಉತ್ಸಾಹವನ್ನು ತಗ್ಗಿಸಿದುವು. ಒಳಗಿನ ಮೊದಲನೆಯ ಗ್ರಹದಲ್ಲಿ ಹೇಳಿಕೊಳ್ಳುವಷ್ಟು ಗಾಳಿ ಇಲ್ಲ. ಎರಡನೆಯದಕ್ಕೆ ಶುಕ್ರನಂಥ ದಟ್ಟ ಹೊದಿಕೆಯಿಲ್ಲ. ನಾಲ್ಕನೆಯದು ತನ್ನ ನಕ್ಷತ್ರದ ಮುಂದೆ ಆರು ದಿನಗಳಿಗೊಮ್ಮೆ ಹಾದುಹೋಗುತ್ತದೆ. ಆಗ ಅದರ ಅಂಚಿನಲ್ಲಿ ಸೋಸಿ ಬರುವ ಎಳೆಯಷ್ಟು ಬೆಳಕಿನಲ್ಲಿ ನೀರಾವಿಯ, ಇಂಗಾಲಾಮ್ಲದ ಗುರುತನ್ನು ಹುಡುಕುವ ಕೆಲಸ ನಡೆದಿದೆ.